ವಾರಂಟ್ ಇಲ್ಲದೆ ಲೈನ್ ಮನೆಯಲ್ಲಿ ಪೊಲೀಸರ ಶೋಧನೆ: ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ಲೈನ್ ಮನೆಯ ವಿದ್ಯಾರ್ಥಿ, ವಿರಾಜಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ತಂದೆ ತಾಯಿ ಇಬ್ಬರೂ ಇಲ್ಲಿನ ಒಂದು ಕಾಫಿ ತೋಟದ ಕಾರ್ಮಿಕರು. ನಾವು ವಾಸವಾಗಿರುವುದು ತೋಟದವರು ಕೊಟ್ಟಿರುವ ಲೈನ್ ಮನೆಯಲ್ಲಿ. ಕರಿಮೆಣಸಿನ ಕೊಯ್ಲು ನಡೆಯುತ್ತಿದ್ದ ಈಚಿನ ಒಂದು ಸಂಜೆ, ಕತ್ತಲಾದ ಮೇಲೆ, ಒಬ್ಬ ಎಎಸ್‌ಐ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ತೋಟದ ರೈಟರನ್ನು (ಗುಮಾಸ್ತರನ್ನು) ಕರೆದುಕೊಂಡು ನಮ್ಮ ಮನೆಗೆ ಬಂದರು. ಗೋದಾಮಿನಿಂದ ಎರಡು ಚೀಲ ಮೆಣಸು ಕಳುವಾಗಿದೆ, ಎಲ್ಲ ಲೈನ್ ಮನೆಗಳನ್ನೂ ನೋಡಬೇಕು ಎಂದರು. ಆಗ ಮನೆಯಲ್ಲಿ ಇದ್ದವರು ಅಮ್ಮ ಮತ್ತು ನನ್ನ ತಮ್ಮ ಮಾತ್ರ.

ವಾರಂಟ್ ಇದೆಯೇ ಎಂದು ತಮ್ಮ ಕೇಳಿದಾಗ, ಅದರ ಅಗತ್ಯವಿಲ್ಲ ಎಂದು ಪೊಲೀಸರು ಹೇಳಿದರು. ಮನೆ ತೋಟದ್ದು, ಮಾಲೀಕರು ಒಪ್ಪಿಗೆ ಕೊಟ್ಟಿದ್ದಾರೆ ಎಂದು ರೈಟರು ಸೇರಿಸಿದರು. ಟ್ರಂಕು, ಅಕ್ಕಿಯ ಡಬ್ಬಿ, ಅಟ್ಟ ಎಲ್ಲವನ್ನೂ ತೆಗೆದು ನೋಡಿ, ಸುಳ್ಯದ ಬಳಿ ಇರುವ ಚಿಕ್ಕಮ್ಮನ ಮನೆಯಿಂದ ಅಮ್ಮ ತಂದಿಟ್ಟಿದ್ದ ಸುಮಾರು ನಾಲ್ಕು ಕಿಲೋ ಒಣಗಿದ ಕರಿಮೆಣಸನ್ನು ತೆಗೆದುಕೊಂಡು ಹೋದರು. ತಮ್ಮನ ಮೊಬೈಲನ್ನು ಕೈಗೆ ತೆಗೆದುಕೊಂಡು ವಾಟ್ಸಾಪ್ ಸಂದೇಶಗಳನ್ನು ಓದಿ ಹಿಂದಿರುಗಿಸಿದರು. ಒಂದು ಕಾಗದಕ್ಕೆ ಅಮ್ಮನ ಸಹಿ ಪಡೆದರು, ಅದರಲ್ಲಿ ಏನಿದೆಯೆಂದು ಓದಿ ಹೇಳಲಿಲ್ಲ, ನಕಲನ್ನೂ ಕೊಡಲಿಲ್ಲ. ಸಾಕ್ಷಿಗಳಾಗಿ ಸಹಿ ಮಾಡಿದವರು ರೈಟರು ಮತ್ತು ತೋಟದ ಜೀಪಿನ ಚಾಲಕ.

ಅಂದಿನಿಂದ ಅಮ್ಮ ಕೆಲಸಕ್ಕೆ ಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಾರೆ. ಇದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗುತ್ತಿಲ್ಲ. ವಾರಂಟ್ ಇಲ್ಲದೆ ಹೀಗೆ ಮನೆಯೊಳಗೆ ಬರುವುದು ಕಾನೂನುಬದ್ಧವೇ? ಮನೆ ನಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ನಮಗೆ ಕೇಳುವ ಹಕ್ಕೇ ಇಲ್ಲವೇ?

ಉತ್ತರ: ವಕೀಲ, ಮಡಿಕೇರಿ

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ವಾರಂಟ್ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಶೋಧನೆ ಕಾನೂನುಬಾಹಿರ ಆಗುವುದಿಲ್ಲ. ಆದರೆ ನೀವು ವಿವರಿಸಿದ ರೀತಿಯಲ್ಲಿ ನಡೆದಿದ್ದರೆ, ಬೇರೆ ಹಲವು ಕಾರಣಗಳಿಂದ ಅದು ಕಾನೂನಿನ ಎಲ್ಲೆ ಮೀರಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 185, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 165ರ ಸ್ಥಾನದಲ್ಲಿ ಬಂದಿರುವುದು, ಠಾಣಾಧಿಕಾರಿಗೆ ಅಥವಾ ತನಿಖಾಧಿಕಾರಿಗೆ ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರವನ್ನು ಕೊಡುತ್ತದೆ. ಈ ಅಧಿಕಾರಕ್ಕೆ ಕಾನೂನು ಕಟ್ಟಿರುವ ಷರತ್ತುಗಳು ಮುಖ್ಯ. ಅವರು ತನಿಖೆ ಮಾಡಲು ಅಧಿಕಾರವಿರುವ ಅಪರಾಧವೊಂದರ ತನಿಖೆ ನಡೆಯುತ್ತಿರಬೇಕು. ಅದಕ್ಕೆ ಬೇಕಾದ ವಸ್ತು ಆ ಜಾಗದಲ್ಲಿ ಸಿಗುತ್ತದೆಂದು ನಂಬಲು ಸಮಂಜಸವಾದ ಆಧಾರ ಇರಬೇಕು. ವಾರಂಟಿಗಾಗಿ ಕಾದರೆ ಅನುಚಿತ ವಿಳಂಬವಾಗುತ್ತದೆ ಎಂಬ ಸ್ಥಿತಿಯಿರಬೇಕು. ಇವೆಲ್ಲಕ್ಕಿಂತ ಮೊದಲು, ಎಂದರೆ ಮನೆಯ ಹೊಸ್ತಿಲು ದಾಟುವ ಮೊದಲೇ, ಆ ನಂಬಿಕೆಯ ಕಾರಣಗಳನ್ನೂ ಹುಡುಕುತ್ತಿರುವ ವಸ್ತು ಯಾವುದೆಂಬುದನ್ನೂ ಕೇಸ್ ಡೈರಿಯಲ್ಲಿ, ಎಂದರೆ ತನಿಖೆಯ ದಿನಚರಿಯಲ್ಲಿ, ಬರೆದಿರಬೇಕು. ಆ ಬರಹದ ಪ್ರತಿ 48 ಗಂಟೆಗಳ ಒಳಗೆ ಸಮೀಪದ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಹಳೆಯ ಕಾನೂನಿನಲ್ಲಿ ‘ಕೂಡಲೇ’ ಎಂದಷ್ಟೇ ಇತ್ತು, ಗಂಟೆಯ ಲೆಕ್ಕ ಹೊಸದು.

ಈ ಬರಹ ಒಂದು ಔಪಚಾರಿಕತೆ ಮಾತ್ರ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರಾಜಸ್ಥಾನ ಸರ್ಕಾರ ಮತ್ತು ರೆಹಮಾನ್ ನಡುವಿನ, 1960ರ ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ, ಕಾರಣ ದಾಖಲಿಸುವುದು ಶೋಧನೆಯ ಕಡ್ಡಾಯ ಹೆಜ್ಜೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅದು ಹೊಗೆಸೊಪ್ಪಿಗೆ ಸಂಬಂಧಿಸಿದ ಅಬಕಾರಿ ಶೋಧನೆಯ ಪ್ರಕರಣ.

ಇನ್ನು ಒಬ್ಬರ ಮನೆಯ ಮೇಲೆ ನಿರ್ದಿಷ್ಟ ಅನುಮಾನ ಇರುವುದು ಬೇರೆ, ಎಲ್ಲ ಲೈನ್ ಮನೆಗಳನ್ನೂ ಸಾಲಾಗಿ ನೋಡಿಕೊಂಡು ಹೋಗುವುದು ಬೇರೆ. ಪ್ರತಿಯೊಂದು ಮನೆಗೂ ಪ್ರತ್ಯೇಕ ಆಧಾರ ಬೇಕು. ಕೂಲಿಯವರ ಮನೆ ಎಂಬುದು ಆಧಾರ ಅಲ್ಲ.

ಮನೆ ಯಾರದ್ದು ಎಂಬ ಪ್ರಶ್ನೆಗೆ ಬರುತ್ತೇನೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು, 2025ರ ನವೆಂಬರ್‌ನಲ್ಲಿ ಅದರ ಸ್ಥಾನಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲೂ ತೋಟ ಕಾರ್ಮಿಕರ ವಸತಿಯ ವಿಷಯ ಇದೆ. ಹಾಗಾಗಿ ಲೈನ್ ಮನೆ ಯಾರೋ ದಯೆಯಿಂದ ಕೊಟ್ಟ ಆಶ್ರಯ ಅಲ್ಲ. ಶೋಧನೆಯ ಸಾಮಾನ್ಯ ನಿಯಮಗಳನ್ನು ಹೇಳುವ ಸುರಕ್ಷಾ ಸಂಹಿತೆಯ ಕಲಂ 103, ಜಾಗದಲ್ಲಿ ‘ವಾಸಿಸುವವರು’ ಎಂದು ಮಾತನಾಡುತ್ತದೆ. ಶೋಧನೆಯ ಉದ್ದಕ್ಕೂ ಹಾಜರಿರುವ ಹಕ್ಕನ್ನೂ, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿಯನ್ನು ಪಡೆಯುವ ಹಕ್ಕನ್ನೂ ಅದು ವಾಸಿಸುವವರಿಗೇ ಕೊಟ್ಟಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಮನುಷ್ಯರದ್ದು, ಜಾಗದ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನು ನೋಡಿಕೊಂಡು ಬರುವಂಥದ್ದಲ್ಲ. ಆದ್ದರಿಂದ ಮಾಲೀಕರ ಒಪ್ಪಿಗೆ ನಿಮ್ಮ ತಾಯಿಯವರ ಒಪ್ಪಿಗೆಗೆ ಬದಲಿಯಾಗುವುದಿಲ್ಲ.

ಸಾಕ್ಷಿಗಳ ವಿಷಯದಲ್ಲಿ ಕಲಂ 103 ಕೇಳುವುದು ಆ ಪ್ರದೇಶದ ಇಬ್ಬರು ಅಥವಾ ಹೆಚ್ಚಿನ ಸ್ವತಂತ್ರ, ಗೌರವಸ್ಥ ನಿವಾಸಿಗಳನ್ನು. ದೂರು ಕೊಟ್ಟವರ ಸಂಬಳದಲ್ಲಿ ಇರುವ ರೈಟರನ್ನೂ ಚಾಲಕನನ್ನೂ ಸ್ವತಂತ್ರ ಪಂಚರೆಂದು ನ್ಯಾಯಾಲಯದ ಮುಂದೆ ಸಮರ್ಥಿಸಿಕೊಳ್ಳುವುದು ಸುಲಭವಲ್ಲ. ಜೊತೆಗೆ ಹೊಸ ಸಂಹಿತೆಯ ಕಲಂ 105 ಮತ್ತು 185ರ ಪ್ರಕಾರ ಇಡೀ ಶೋಧನೆಯ ದೃಶ್ಯ ಮತ್ತು ಧ್ವನಿಯನ್ನು, ಆದಷ್ಟೂ ಮೊಬೈಲಿನಲ್ಲೇ, ದಾಖಲಿಸಬೇಕು. ಪಟ್ಟಿ ತಯಾರಿಸುವುದು, ಸಾಕ್ಷಿಗಳು ಸಹಿ ಹಾಕುವುದು ಎಲ್ಲವೂ ಆ ದಾಖಲೆಯಲ್ಲಿ ಬರಬೇಕು. ಅಂದು ಯಾರಾದರೂ ಚಿತ್ರೀಕರಣ ಮಾಡುತ್ತಿದ್ದರೇ? ತಮ್ಮನನ್ನು ಕೇಳಿ ತಿಳಿಸಿ.

ಮೊಬೈಲಿನ ಸಂದೇಶಗಳನ್ನು ಓದಿದ್ದು ನನ್ನ ಮಟ್ಟಿಗೆ ಗಂಭೀರ ವಿಷಯ. ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಫೋನಿನ ಒಳಗಿನ ಮಾಹಿತಿಯನ್ನು ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಬೇಕು, ತುರ್ತು ಸಂದರ್ಭದಲ್ಲಿ ಹಾಗೆ ಮಾಡದಿದ್ದರೆ ಕಾರಣವನ್ನು ಬರೆದಿಡಬೇಕು ಎಂದು ಹೇಳಿದೆ. ಮನೆಯನ್ನು ಹುಡುಕುವ ಅಧಿಕಾರದ ಜೊತೆಗೆ ಫೋನನ್ನು ಬಿಚ್ಚಿ ಓದುವ ಅಧಿಕಾರ ತಾನಾಗಿ ಬರುವುದಿಲ್ಲ.

ಉತ್ತರ: ನಿವೃತ್ತ ಎಎಸ್‌ಐ, ಸೋಮವಾರಪೇಟೆ

ವಕೀಲರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೂ ಠಾಣೆಯ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನೂ ಓದುಗರು ತಿಳಿದಿರಬೇಕು.

ವಾರಂಟ್ ಇಲ್ಲದ ಶೋಧನೆಗೆ ಕಾನೂನು ಅವಕಾಶ ಕೊಟ್ಟಿರುವುದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಮರ ಬಿದ್ದು, ಬರೆ ಜರಿದು ರಸ್ತೆ ಮುಚ್ಚಿದಾಗ ನಮ್ಮ ಕೆಲವು ಠಾಣೆಗಳಿಂದ ನ್ಯಾಯಾಲಯ ಇರುವ ಊರಿಗೆ ಹೋಗಿ ಬರುವುದರಲ್ಲೇ ಒಂದು ದಿನ ಕಳೆಯುತ್ತದೆ. ಮೆಣಸು ಅಷ್ಟು ಹೊತ್ತು ಕಾಯುವುದಿಲ್ಲ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಅದು ಬೇರೆ ಜಿಲ್ಲೆಯ ಅಂಗಡಿಯಲ್ಲಿ ಬೇರೆ ಮೆಣಸಿನ ಜೊತೆ ಬೆರೆತಿರುತ್ತದೆ, ಆಮೇಲೆ ಗುರುತು ಹಿಡಿಯಲು ಯಾರಿಂದಲೂ ಆಗದು. ಇಂತಹ ಸಂದರ್ಭಕ್ಕಾಗಿಯೇ ಕಲಂ 185 ಇದೆ. ಕತ್ತಲಾದ ಮೇಲೆ ಬಂದರು ಎಂಬುದನ್ನೇ ಮುಂದಿಟ್ಟುಕೊಂಡು ವಾದಿಸಬೇಡಿ. ಈ ಕಲಂನಲ್ಲಿ ಸೂರ್ಯಾಸ್ತದ ನಿರ್ಬಂಧ ಇಲ್ಲ. ಗಾಂಜಾದಂತಹ ಮಾದಕ ವಸ್ತುಗಳ ಕಾಯ್ದೆಯ ಕಲಂ 42ರಲ್ಲಿ ಮಾತ್ರ ಹಗಲು ರಾತ್ರಿಯ ವ್ಯತ್ಯಾಸವಿದ್ದು, ರಾತ್ರಿ ವಾರಂಟ್ ಇಲ್ಲದೆ ಪ್ರವೇಶಿಸಲು ವಿಶೇಷ ಕಾರಣವನ್ನು ದಾಖಲಿಸಬೇಕಾಗುತ್ತದೆ.

ಆದರೆ ಎಎಸ್‌ಐ ಬಂದಿದ್ದರು ಎಂದಿದ್ದೀರಿ. ಕಲಂ 185ರ ಪ್ರಕಾರ ಅಧಿಕಾರವುಳ್ಳವರು ಸಾಧ್ಯವಾದರೆ ತಾವೇ ಖುದ್ದಾಗಿ ಶೋಧಿಸಬೇಕು. ಆಗದಿದ್ದರೆ, ಆಗದಿರುವ ಕಾರಣವನ್ನು ಬರೆದು, ಶೋಧಿಸಬೇಕಾದ ಜಾಗವನ್ನೂ ವಸ್ತುವನ್ನೂ ನಮೂದಿಸಿದ ಲಿಖಿತ ಆದೇಶವನ್ನು ಅಧೀನ ಅಧಿಕಾರಿಗೆ ಕೊಡಬೇಕು. ಠಾಣಾಧಿಕಾರಿ ಊರಲ್ಲಿ ಇಲ್ಲದಿದ್ದರೆ ಎಎಸ್‌ಐ ಅವರೇ ಪ್ರಭಾರದಲ್ಲಿ ಇರಬಹುದು, ಪ್ರಕರಣದ ತನಿಖೆಯೂ ಅವರ ಬಳಿಯೇ ಇರಬಹುದು. ಅದನ್ನು ದಾಖಲೆಯಿಂದಲೇ ತಿಳಿಯಬೇಕು. ನಮ್ಮ ಕಾಲದಲ್ಲಿ ಒಳ್ಳೆಯ ಅಧಿಕಾರಿಗಳು ಜೀಪು ಹತ್ತುವ ಮೊದಲೇ ಡೈರಿಯಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರು. ಅದಕ್ಕೆ ಹಿಡಿಯುವುದು ಹತ್ತು ನಿಮಿಷ. ಈಗ ಇ-ಸಾಕ್ಷ್ಯ ಎಂಬ ಆ್ಯಪ್ ಕೂಡ ಇದೆ, ಶೋಧನೆಯ ಸ್ಥಳದಲ್ಲೇ ಚಿತ್ರೀಕರಿಸಬಹುದು. ಇಷ್ಟು ಸೌಲಭ್ಯ ಇದ್ದೂ ಪಟ್ಟಿಯ ಪ್ರತಿ ಕೊಡದೆ ಬರುವುದನ್ನು ನಾನು ಸಮರ್ಥಿಸಲಾರೆ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಿಯಮ ಮೀರಿದ ಶೋಧನೆಯನ್ನು ವಿರೋಧಿಸಬಹುದು ಎಂದು ಸುಪ್ರೀಂ ಕೋರ್ಟ್ 1963ರ ರಾಧಾ ಕಿಶನ್ ಪ್ರಕರಣದಲ್ಲಿ ಹೇಳಿರುವುದು ನಿಜ. ಆದರೆ ಬಾಗಿಲಲ್ಲಿ ನಿಂತಿರುವ ಕ್ಷಣದಲ್ಲಿ ಡೈರಿಯಲ್ಲಿ ಏನು ಬರೆದಿದೆ ಎಂಬುದು ನಿಮಗೆ ಗೊತ್ತಿರುವುದಿಲ್ಲ. ತಳ್ಳಾಟ ನಡೆದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಸ್ಥಾನದಲ್ಲಿ ಬಂದಿರುವ ಕಾನೂನಿನ) ಕಲಂ 132 ಮತ್ತು 221ರ ಅಡಿಯಲ್ಲಿ, ಎಂದರೆ ಸರ್ಕಾರಿ ನೌಕರನ ಮೇಲೆ ಹಲ್ಲೆ ಮತ್ತು ಕರ್ತವ್ಯಕ್ಕೆ ಅಡ್ಡಿ ಎಂದು, ಪ್ರಕರಣ ದಾಖಲಾಗುತ್ತದೆ. ಆಮೇಲೆ ನಿಮ್ಮದೇ ತಪ್ಪಿಲ್ಲವೆಂದು ಸಾಧಿಸಲು ವರ್ಷಗಟ್ಟಲೆ ಅಲೆಯಬೇಕು. ಬಾಯಿಯಲ್ಲಿ ಆಕ್ಷೇಪ ಹೇಳಿ, ಬಂದವರ ಹೆಸರು ಮತ್ತು ಹುದ್ದೆ ಬರೆದುಕೊಳ್ಳಿ, ಕೈ ಮಾತ್ರ ಮಾಡಬೇಡಿ. ನಿಮ್ಮ ತಮ್ಮ ಗಲಾಟೆ ಮಾಡದೆ ಪ್ರಶ್ನೆ ಕೇಳಿದ್ದು ಸರಿಯಾದ ನಡೆ.

ಉತ್ತರ: ಬೆಳೆಗಾರ, ನಾಪೋಕ್ಲು

ಮೆಣಸಿನ ಕಳ್ಳತನ ನಮ್ಮ ಭಾಗದಲ್ಲಿ ನಿಜವಾದ ಸಮಸ್ಯೆ. ಇಡೀ ವರ್ಷದ ಖರ್ಚನ್ನು ಮೆಣಸಿನ ಮೇಲೆ ನಂಬಿಕೊಂಡಿರುವ ಸಣ್ಣ ಬೆಳೆಗಾರರು ಎಷ್ಟೋ ಮಂದಿ ಇದ್ದಾರೆ. ದೂರು ಕೊಟ್ಟ ಮಾಲೀಕರನ್ನು ಅದಕ್ಕಾಗಿಯೇ ಕೆಟ್ಟವರೆಂದು ನೋಡಬಾರದು ಎಂದು ವಿನಂತಿಸುತ್ತೇನೆ. ಆದರೆ ಮಾಲೀಕರ ಹೆಸರು ಹೇಳಿಕೊಂಡು ರೈಟರು ಕಾರ್ಮಿಕರ ಟ್ರಂಕು ತೆಗೆಸುವುದು ಸರಿಯಲ್ಲ. ನಮ್ಮ ತೋಟದಲ್ಲಿ ಹಾಗೆ ಆಗಲು ನಾನು ಬಿಡುವುದಿಲ್ಲ.

ನನ್ನದೂ ಒಂದು ಪ್ರಶ್ನೆ ಇದೆ. ಕೊಡವರಿಗೂ ಜಮ್ಮಾ (ಕೊಡಗಿನ ವಿಶೇಷ ಭೂಹಿಡುವಳಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಆ ಕೋವಿಯನ್ನು ನೋಡಬೇಕೆಂದು ಪೊಲೀಸರು, ಅಥವಾ ಕಾಡುಹಂದಿ ಬೇಟೆಯ ಅನುಮಾನದಿಂದ ಅರಣ್ಯ ಇಲಾಖೆಯವರು, ಹೀಗೆಯೇ ಮನೆಯೊಳಗೆ ಬರಬಹುದೇ?

ಉತ್ತರ: ವಕೀಲ, ಮಡಿಕೇರಿ

ಬೆಳೆಗಾರರ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸಿ ಮೂಲ ವಿಷಯಕ್ಕೆ ಹಿಂದಿರುಗುತ್ತೇನೆ. ವಿನಾಯಿತಿ ಪತ್ರವನ್ನು ತೋರಿಸಿ ಎಂದು ಕೇಳುವುದು ಬೇರೆ, ಕಪಾಟು ತೆಗೆಸಿ ಹುಡುಕುವುದು ಬೇರೆ. ಎರಡನೆಯದಕ್ಕೆ ಯಾವುದಾದರೂ ಅಪರಾಧದ ತನಿಖೆ ಮತ್ತು ಮೇಲೆ ಹೇಳಿದ ಲಿಖಿತ ಕಾರಣ ಬೇಕು. ಅರಣ್ಯಾಧಿಕಾರಿಗಳ ವಿಷಯ ಸ್ವಲ್ಪ ಭಿನ್ನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 50, ಅಪರಾಧ ನಡೆದಿದೆ ಎಂದು ನಂಬಲು ಸಮಂಜಸ ಆಧಾರ ಇದ್ದರೆ ಅವರಿಗೂ, ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸರಿಗೂ, ಆ ವ್ಯಕ್ತಿಯ ವಶದಲ್ಲಿರುವ ಮನೆಯನ್ನು ಪ್ರವೇಶಿಸಿ ಶೋಧಿಸುವ ನೇರ ಅಧಿಕಾರ ಕೊಡುತ್ತದೆ. ಅದೇ ಕಾಯ್ದೆಯ ಕಲಂ 53, ಪೀಡಿಸುವ ಉದ್ದೇಶದಿಂದ ಅನಗತ್ಯವಾಗಿ ವಸ್ತುಗಳನ್ನು ಜಪ್ತಿ ಮಾಡುವ ಅಧಿಕಾರಿಗೆ ಆರು ತಿಂಗಳವರೆಗಿನ ಸೆರೆವಾಸವನ್ನೂ ಹೇಳುತ್ತದೆ.

ಉತ್ತರ: ಕಾರ್ಯಕರ್ತೆ, ಪೊನ್ನಂಪೇಟೆ

ಹಾಡಿಗಳಲ್ಲಿ (ಆದಿವಾಸಿ ವಸತಿಗಳಲ್ಲಿ) ಮತ್ತು ಲೈನ್ ಮನೆಗಳಲ್ಲಿ ಮಹಿಳೆಯರ ಜೊತೆ ಕೆಲಸ ಮಾಡುವವಳಾಗಿ ಕೆಲವು ಮಾತು ಸೇರಿಸಬೇಕು ಅನ್ನಿಸಿತು.

ಮಹಿಳಾ ಪೊಲೀಸರಿಲ್ಲದೆ ಮನೆಗೆ ಬರಲೇಬಾರದು ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಕಾನೂನು ಅಷ್ಟು ದೂರ ಹೋಗಿಲ್ಲ. ಮಹಿಳೆಯ ಮೈಯನ್ನು ಶೋಧಿಸಬೇಕಾದರೆ ಅದನ್ನು ಮಹಿಳೆಯೇ, ಮರ್ಯಾದೆಗೆ ಪೂರ್ಣ ಗಮನ ಕೊಟ್ಟು ಮಾಡಬೇಕು ಎಂಬುದು ನಿಯಮ. ಈ ವ್ಯತ್ಯಾಸವನ್ನು ತಿಳಿದಿದ್ದರೆ ತಪ್ಪು ವಾದ ಹೂಡಿ ಸರಿಯಾದ ವಾದವನ್ನು ಕಳೆದುಕೊಳ್ಳುವುದು ತಪ್ಪುತ್ತದೆ.

ಇನ್ನೊಂದು, ಇಲ್ಲಿ ಪದೇ ಪದೇ ನಡೆಯುವಂಥದ್ದು. ಅಸ್ಸಾಮಿನಿಂದ ಬಂದ ಕಾರ್ಮಿಕರ ಲೈನ್ ಮನೆಗಳಿಗೆ ಯಾವ ದೂರೂ ಇಲ್ಲದೆ, ಯಾವ ಎಫ್‌ಐಆರೂ ಇಲ್ಲದೆ, ‘ಪರಿಶೀಲನೆ’ ಎಂದು ಹೇಳಿ ಒಳನುಗ್ಗಿ ಸಾಮಾನು ತೆಗೆದು ನೋಡುವುದನ್ನು ನಾನು ಕಂಡಿದ್ದೇನೆ. ತನಿಖೆಯೇ ಇಲ್ಲದ ಮೇಲೆ ಕಲಂ 185ರ ನೆರಳು ಅವರಿಗೆ ಸಿಗುವುದಿಲ್ಲ. ಉತ್ತರ ಪ್ರದೇಶದ ಪೊಲೀಸರು ಕಣ್ಗಾವಲಿನ ಹೆಸರಿನಲ್ಲಿ ರಾತ್ರಿ ಮನೆಗಳಿಗೆ ಭೇಟಿ ಕೊಡಲು ಅವಕಾಶ ಮಾಡಿಕೊಟ್ಟಿದ್ದ ನಿಯಮವನ್ನು ಖರಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರ ಡಿಸೆಂಬರಿನಲ್ಲೇ ರದ್ದುಪಡಿಸಿತು. ಅರವತ್ತು ವರ್ಷ ದಾಟಿದರೂ ಆ ತೀರ್ಪು ಬಡವರ ಬಾಗಿಲಿಗೆ ಬಂದು ಮುಟ್ಟಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ. ದೊಡ್ಡ ಮನೆಗಳ ಗೇಟಿನಲ್ಲಿ ಅಧಿಕಾರಿಗಳು ನಿಂತು ಕೇಳುತ್ತಾರೆ, ಲೈನ್ ಮನೆಯಲ್ಲಿ ಚಿಲಕಕ್ಕೇ ಕೈ ಹಾಕುತ್ತಾರೆ.

ನಿಮ್ಮ ತಾಯಿಯವರು ಮಹಿಳೆಯಾಗಿರುವುದರಿಂದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರ ಅಡಿ ಉಚಿತವಾಗಿ ವಕೀಲರನ್ನು ಪಡೆಯಬಹುದು, ಆದಾಯದ ಮಿತಿ ಅನ್ವಯಿಸುವುದಿಲ್ಲ. ಮಡಿಕೇರಿಯ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ, ಸಹಾಯವಾಣಿ 15100.

ಮರುಪ್ರಶ್ನೆ: ಲೈನ್ ಮನೆಯ ವಿದ್ಯಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ತಮ್ಮನನ್ನು ವಿಚಾರಿಸಿದೆ, ಅಂದು ಯಾರೂ ಚಿತ್ರೀಕರಣ ಮಾಡುತ್ತಿರಲಿಲ್ಲ ಎಂದು ಹೇಳುತ್ತಾನೆ. ಹೀಗೆ ನಿಯಮ ಮೀರಿ ತೆಗೆದುಕೊಂಡು ಹೋದ ಮೆಣಸನ್ನು ಅಮ್ಮನ ವಿರುದ್ಧ ಸಾಕ್ಷ್ಯವಾಗಿ ಬಳಸಲು ಆಗುವುದಿಲ್ಲ ಅಲ್ಲವೇ? ಈಗ ನಾವು ಮೊದಲು ಮಾಡಬೇಕಾದದ್ದು ಏನು?

ಉತ್ತರ: ವಕೀಲ, ಮಡಿಕೇರಿ

ಮೊದಲ ಪ್ರಶ್ನೆಗೆ ನಿಮಗೆ ಸಮಾಧಾನ ಕೊಡುವ ಉತ್ತರ ನನ್ನಲ್ಲಿ ಇಲ್ಲ. ಶೋಧನೆ ಕಾನೂನುಬಾಹಿರ ಆಗಿತ್ತು ಎಂಬ ಕಾರಣಕ್ಕೆ ಅದರಲ್ಲಿ ಸಿಕ್ಕ ವಸ್ತುವನ್ನು ಸಾಕ್ಷ್ಯದಿಂದ ತಾನಾಗಿ ಹೊರಗಿಡುವ ನಿಯಮ ನಮ್ಮ ದೇಶದಲ್ಲಿ ಇಲ್ಲ. ರಾಧಾ ಕಿಶನ್ ಪ್ರಕರಣವೂ, 1973ರ ಡಿಸೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳು ತೀರ್ಪಿತ್ತ ಪೂರನ್ ಮಲ್ ಪ್ರಕರಣವೂ ಅದನ್ನೇ ಹೇಳುತ್ತವೆ. ಖಾಸಗಿತನದ ತೀರ್ಪು ಬಂದ ಮೇಲಾದರೂ ಇದನ್ನು ಸುಪ್ರೀಂ ಕೋರ್ಟ್ ಮತ್ತೆ ಪರಿಶೀಲಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ನಿಯಮ ಮುರಿದು ತಂದದ್ದೂ ನಡೆಯುತ್ತದೆ ಎಂದಾದರೆ ನಿಯಮವನ್ನು ಪಾಲಿಸುವ ಒತ್ತಡವಾದರೂ ಎಲ್ಲಿಂದ ಬರಬೇಕು? ಆದರೆ ಇಂದಿನ ಕಾನೂನು ಹೀಗಿದೆ. ನ್ಯಾಯಾಲಯ ಆ ಸಾಕ್ಷ್ಯವನ್ನು ಹೆಚ್ಚು ಎಚ್ಚರಿಕೆಯಿಂದ ತೂಗಿ ನೋಡುತ್ತದೆ, ಪಂಚರ ನಂಬಿಕೆಯನ್ನೂ ಚಿತ್ರೀಕರಣ ಇಲ್ಲದಿರುವುದನ್ನೂ ಅಲ್ಲಿ ಪ್ರಶ್ನಿಸಬಹುದು. ನಾಲ್ಕು ಕಿಲೋ ಮೆಣಸು ಚಿಕ್ಕಮ್ಮನ ಮನೆಯದೆಂದು ತೋರಿಸುವ ಸಾಕ್ಷಿ ಇದ್ದರೆ ಅದನ್ನು ಈಗಲೇ ಜೋಪಾನ ಮಾಡಿ.

ಇನ್ನು ಮಾಡಬೇಕಾದದ್ದು. ಮೊದಲಿಗೆ ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ಎಂಬುದನ್ನು ನೋಡಬೇಕು. ಇದಕ್ಕೆ ಕಾರಣವಿದೆ. ನ್ಯಾಯ ಸಂಹಿತೆಯ ಕಲಂ 303(2)ರ ಸಾಮಾನ್ಯ ಕಳ್ಳತನದಲ್ಲಿ ಸೊತ್ತಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಈಗ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅದರ ತನಿಖೆಯನ್ನೇ ಮಾಡುವಂತಿಲ್ಲ, ತನಿಖೆ ಇಲ್ಲವೆಂದರೆ ಕಲಂ 185ರ ಶೋಧನೆಯೂ ಇಲ್ಲ. ಈಚಿನ ಧಾರಣೆಯಲ್ಲಿ ಹತ್ತು ಕಿಲೋಗಿಂತ ಕಡಿಮೆ ಮೆಣಸಿಗೇ ಅಷ್ಟು ಬೆಲೆಯಾಗುತ್ತದೆ, ಎರಡು ಚೀಲವೆಂದರೆ ಆ ಮಿತಿ ದಾಟುವುದು ಬಹುತೇಕ ಖಚಿತ. ಅಲ್ಲದೆ ಗೋದಾಮಿನಿಂದ ಕಳುವಾದರೆ ಕಲಂ 305, ಕೆಲಸದಾಳಿನ ಮೇಲೆ ಆರೋಪವಿದ್ದರೆ ಕಲಂ 306 ಬರುತ್ತವೆ, ಅವೆರಡೂ ಸಂಜ್ಞೇಯ. ಬಳ್ಳಿಯಿಂದಲೋ ಕಣದಿಂದಲೋ ಸ್ವಲ್ಪ ಮೆಣಸು ಹೋಯಿತು ಎಂಬ ದೂರಾಗಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಹಾಗಾಗಿ ದೂರಿನ ಮೂಲ ಪಠ್ಯ ನೋಡದೆ ನಾನು ಇದರ ಮೇಲೆ ತೀರ್ಮಾನ ಹೇಳುವುದಿಲ್ಲ. ಎಫ್‌ಐಆರ್ ಪ್ರತಿ ರಾಜ್ಯ ಪೊಲೀಸರ ಜಾಲತಾಣದಲ್ಲೂ ಸಿಗಬಹುದು.

ಎರಡನೆಯದಾಗಿ, ನಿಮ್ಮ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ತಾಯಿಯವರ ಹೆಸರಿನಲ್ಲಿ ಒಂದು ಅರ್ಜಿ ಹಾಕಿ. ಕಲಂ 185(5) ‘ಮಾಲೀಕ ಅಥವಾ ವಾಸಿಸುವವರು’ ಎಂದು ಸ್ಪಷ್ಟವಾಗಿ ಹೇಳಿ, ಶೋಧನೆಗೆ ಮೊದಲು ಬರೆದ ಕಾರಣಗಳ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ವಿಧಿಸಿದೆ. ಶೋಧನೆ ನಡೆದ ದಿನಾಂಕ, ಸಮಯ, ಲೈನ್ ಮನೆಯ ಸಂಖ್ಯೆ, ಬಂದವರ ಹುದ್ದೆ, ತೆಗೆದುಕೊಂಡು ಹೋದ ವಸ್ತು, ಪಟ್ಟಿಯ ಪ್ರತಿ ಕೊಡದಿರುವುದು, ಓದಿ ಹೇಳದೆ ಸಹಿ ಪಡೆದದ್ದು, ಮೊಬೈಲ್ ನೋಡಿದ್ದು ಇಷ್ಟನ್ನೂ ಅದರಲ್ಲಿ ಬರೆಯಿರಿ. ಕಲಂ 105ರ ಚಿತ್ರೀಕರಣವನ್ನು ಹಾಜರುಪಡಿಸುವಂತೆಯೂ ಕೋರಿಕೊಳ್ಳಿ. ಮೆಣಸನ್ನು ಹಿಂದಕ್ಕೆ ಪಡೆಯಲು ಸುರಕ್ಷಾ ಸಂಹಿತೆಯ ಕಲಂ 503ರ ಅಡಿ ಬೇರೆ ಅರ್ಜಿ ಬೇಕಾಗುತ್ತದೆ.

ಇಲಾಖೆಗೆ ದೂರು ಕೊಡುವುದಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬಹುದು. ಪೊಲೀಸ್ ದೂರು ಪ್ರಾಧಿಕಾರವೂ ರಾಜ್ಯ ಮಾನವ ಹಕ್ಕುಗಳ ಆಯೋಗವೂ ಇವೆ. ಅಧಿಕಾರಿಯ ಮೇಲೆ ನ್ಯಾಯ ಸಂಹಿತೆಯ ಕಲಂ 198ರ ಅಡಿ ಕ್ರಿಮಿನಲ್ ಮೊಕದ್ದಮೆ ಹೂಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದರಲ್ಲಿ ತೊಂದರೆ ಮಾಡುವ ಉದ್ದೇಶವನ್ನು ಸಾಬೀತುಪಡಿಸಬೇಕು, ಸರ್ಕಾರದ ಪೂರ್ವಾನುಮತಿಯ ಪ್ರಶ್ನೆಯೂ ಎದುರಾಗುತ್ತದೆ. ಆದ್ದರಿಂದ ಮೊದಲೇ ಆ ದಾರಿಗೆ ಹೋಗುವುದು ಬೇಡ.

ನಕಲು ಕೈಗೆ ಬಂದಾಗ ಎರಡು ಸಂಗತಿ ನೋಡಿ: ಕಾರಣಗಳನ್ನು ಬರೆದ ಸಮಯ ಶೋಧನೆಯ ಸಮಯಕ್ಕಿಂತ ಹಿಂದಿನದೇ, ಮತ್ತು ನ್ಯಾಯಾಲಯದ ಸ್ವೀಕೃತಿ ಮುದ್ರೆಯ ದಿನಾಂಕ 48 ಗಂಟೆಗಳ ಒಳಗಿದೆಯೇ. ನ್ಯಾಯಾಲಯಕ್ಕೆ ಅಂತಹ ಪ್ರತಿ ಬಂದೇ ಇಲ್ಲ ಎಂದು ಕಚೇರಿಯಿಂದ ತಿಳಿದುಬಂದರೆ, ಆ ಮಾತನ್ನು ಬರಹದಲ್ಲಿ ಪಡೆದುಕೊಂಡು ಬನ್ನಿ. ನಿಮ್ಮ ತಾಯಿಯವರ ಪರವಾಗಿ ಮುಂದೆ ಯಾರು ವಾದಿಸಿದರೂ ಅವರಿಗೆ ಮೊದಲು ಬೇಕಾಗುವ ಕಾಗದ ಅದು.